ಎಣ್ಣೆ ಬಿಡದ ಹೂವು, ಅದರ ಪರಿಮಳ ಕಟ್ಟಿದ ಎಡ್ಮಂಡ್ ರುಡ್ನಿಟ್ಸ್ಕಾ

ವಿಜಯಪುರದ ಯಾವ ಅತ್ತರ್ ಅಂಗಡಿಯಲ್ಲಿ ನಿಂತರೂ ಗಿರಾಕಿಗಳ ಬಾಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಇದು ಖರೇ ಹೂವಿಂದ ತಗದದ್ದು ಏನ್ರಿ, ಇಲ್ಲಾ ಕೆಮಿಕಲ್ಲಾ?’ ರಂಜಾನ್ ಇರಲಿ, ಉರುಸ್ ಇರಲಿ, ಮದುವೆ ಸೀಜನ್ ಇರಲಿ, ಪ್ರಶ್ನೆ ಇದೇ. ದುಡ್ಡು ಕೊಡುವವರು ಕೇಳಲೇಬೇಕು, ತಪ್ಪೇನಿಲ್ಲ. ಆದರೆ ಇನ್ನೊಂದು ಪ್ರಶ್ನೆ ನಮ್ಮ ಬಾಯಿಗೆ ಬರುವುದೇ ಇಲ್ಲ. ಈ ವಾಸನೆಯನ್ನು ಕಟ್ಟಿದವರು ಯಾರು? ಒಳ್ಳೆಯ ಹಾಡು ಕೇಳಿದರೆ ಸಂಗೀತ ಯಾರದು ಅಂತ ವಿಚಾರಿಸುತ್ತೇವೆ. ಸೆಂಟಿನ ವಿಷಯದಲ್ಲಿ ಮಾತ್ರ ಬಾಟಲಿ ಮೇಲಿನ ಕಂಪನಿ ಹೆಸರಿಗೇ ನಿಂತುಬಿಡುತ್ತೇವೆ.

ಸುಗಂಧಕ್ಕೂ ಒಬ್ಬ ಕರ್ತೃ ಇರುತ್ತಾನೆ, ಅವನು ಮಾಡುವುದು ಕಲೆ ಅಂತ ಜೀವನವಿಡೀ ವಾದಿಸಿದವನು ಫ್ರಾನ್ಸಿನ ಎಡ್ಮಂಡ್ ರುಡ್ನಿಟ್ಸ್ಕಾ. 1905ರಲ್ಲಿ ನೀಸ್ ನಗರದಲ್ಲಿ ಹುಟ್ಟಿ, 1996ರಲ್ಲಿ ತೀರಿಕೊಂಡ. ಅವನ ಕೆಲಸವನ್ನು ಅರ್ಥ ಮಾಡಿಕೊಂಡರೆ ಸುಗಂಧ ಅನ್ನುವುದು ಹೇಗೆ ತಯಾರಾಗುತ್ತದೆ ಅನ್ನುವುದೂ ಅರ್ಥವಾಗುತ್ತದೆ. ‘ಹೂವಾ, ಕೆಮಿಕಲ್ಲಾ’ ಅನ್ನುವ ಪ್ರಶ್ನೆ ಯಾಕೆ ಅರ್ಧ ಮಾತ್ರ ಅನ್ನುವುದೂ ತಿಳಿಯುತ್ತದೆ.

ವಾಸನೆಗಳನ್ನು ಕೂಡಿಸಿ ಹೊಸದೊಂದನ್ನು ಕಟ್ಟುವುದು ನಮ್ಮ ಊರಿಗೆ ಹೊಸ ವಿಚಾರವೇನಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹಿ ಸಂಗೀತದ ಹುಚ್ಚಿನವನು. ದಖ್ಖನಿಯಲ್ಲಿ ತಾನೇ ಹಾಡು ಕಟ್ಟಿದವನು. ತೊರವಿಯ ಹತ್ತಿರ ನವರಸಪುರ ಅಂತ ಒಂದು ಹೊಸ ಪಟ್ಟಣವನ್ನೇ ಎಬ್ಬಿಸಿದವನು. ಅವನಿಗಾಗಿ ನಿಜಾಮುದ್ದೀನ್ ಮಹಮೂದ್ ಎಂಬುವರು ಪಾರಸಿಯಲ್ಲಿ ಒಂದು ಸುಗಂಧ ಗ್ರಂಥ ಬರೆದರು. ಅದರ ಹೆಸರು ‘ಇತ್ರ್-ಎ-ನವರಸ್ ಶಾಹಿ’. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಲು ಬರುವವರಿಗೆ ಈ ಪುಸ್ತಕದ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ನನಗೆ ಅದು ಬೇಸರದ ಸಂಗತಿ. ಕಲ್ಲಿನ ಕೆಲಸ ಉಳಿದು ಕಣ್ಣಿಗೆ ಬೀಳುತ್ತದೆ, ಗಾಳಿಯ ಕೆಲಸ ಮರೆತುಹೋಗುತ್ತದೆ.

ಇವತ್ತಿಗೂ ಅಂಗಡಿಯಲ್ಲಿ ಮಜ್ಮುವಾ ಅಂತ ಕೇಳಿದರೆ ಕೊಡುತ್ತಾರೆ. ಹಳೆಯ ಪದ್ಧತಿಯಲ್ಲಿ ಅದು ನಾಲ್ಕು ಅತ್ತರ್‌ಗಳ ಕೂಟ: ಲಾವಂಚದ ಖಸ್, ಕೇದಿಗೆಯ ಕೇವಡಾ, ಕದಂಬ, ಮತ್ತು ಸುಟ್ಟ ಮಣ್ಣಿನಿಂದ ತೆಗೆದ ಮಿಟ್ಟಿ ಅತ್ತರ್. ಮೂಗಿಗೆ ಹಿಡಿದರೆ ನಾಲ್ಕನ್ನೂ ಬಿಡಿಸಿ ಹೇಳುವುದು ಕಷ್ಟ. ಎಣ್ಣೆಗಾಯಿ ಬದನೆಕಾಯಿ ತಿನ್ನುವಾಗ ಶೇಂಗಾ ಎಲ್ಲಿ, ಗುರೆಳ್ಳು ಎಲ್ಲಿ ಅಂತ ಹುಡುಕುತ್ತೇವಾ? ಬಾಯಿಗೆ ಸಿಗುವುದು ಒಂದೇ ರುಚಿ. ಸುಗಂಧ ಕಟ್ಟುವವನ ಗುರಿಯೂ ಇದೇ. ಹತ್ತು ವಾಸನೆ ಸೇರಿ ಹನ್ನೊಂದನೆಯದೊಂದು ಹುಟ್ಟಬೇಕು. ಆ ಹನ್ನೊಂದನೆಯದು ಮೊದಲು ಎಲ್ಲೂ ಇರಲಿಲ್ಲ.

ಹೂವಿನಿಂದ ವಾಸನೆ ತೆಗೆಯುವುದು ಹೇಗೆ ಅನ್ನುವುದನ್ನು ಮೊದಲು ನೋಡೋಣ. ಎಲ್ಲ ಕಥೆಯೂ ಅಲ್ಲಿಂದ ಹೊರಡುತ್ತದೆ.

ಉತ್ತರ ಪ್ರದೇಶದ ಕನೌಜ್‌ನಲ್ಲಿ ಇವತ್ತಿಗೂ ತಾಮ್ರದ ದೊಡ್ಡ ಹಂಡೆಯಲ್ಲಿ ಹೂವು, ನೀರು ಹಾಕಿ ಕೆಳಗೆ ಬೆಂಕಿ ಹಚ್ಚುತ್ತಾರೆ. ಹಂಡೆಗೆ ಅವರು ದೇಗ್ ಅನ್ನುತ್ತಾರೆ. ಮುಚ್ಚಳದ ಸುತ್ತ ಮಣ್ಣು ಮೆತ್ತಿ, ಹಬೆ ಎಲ್ಲೂ ತಪ್ಪಿಸಿಕೊಳ್ಳದಂತೆ ಮಾಡುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾಯ್ದು ನೀರಿನ ತೊಟ್ಟಿಯಲ್ಲಿಟ್ಟ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಇದು ಭಪ್ಕಾ. ಅದರೊಳಗೆ ಶ್ರೀಗಂಧದ ಎಣ್ಣೆ ಇರುತ್ತದೆ. ಹಬೆ ತಣ್ಣಗಾಗಿ ನೀರಾಗುತ್ತದೆ, ಹೂವಿನ ವಾಸನೆ ಗಂಧದೆಣ್ಣೆಯಲ್ಲಿ ಉಳಿಯುತ್ತದೆ. ಶ್ರೀಗಂಧ ತುಟ್ಟಿಯಾದ ಮೇಲೆ ಅದರ ಜಾಗಕ್ಕೆ ಬಹಳ ಕಡೆ ಪ್ಯಾರಾಫಿನ್ ಎಣ್ಣೆ ಬಂದಿದೆ. ಅಗ್ಗದ ಅತ್ತರ್ ಹಚ್ಚಿದರೆ ಮೊದಲಿನ ಗಮ್ಮತ್ತು ಯಾಕಿಲ್ಲ ಅಂತ ಹಿರಿಯರು ಗೊಣಗುವುದಕ್ಕೆ ಇದೂ ಒಂದು ಕಾರಣ.

ಗುಲಾಬಿ ಈ ಬೆಂಕಿ ತಾಳುತ್ತದೆ. ಆದರೂ ಒಂದು ಕಿಲೋ ಗುಲಾಬಿ ಎಣ್ಣೆಗೆ ಸುಮಾರು 3ರಿಂದ 5 ಟನ್ ಪಕಳೆ ಬೇಕು. ಮಲ್ಲಿಗೆಯ ಜಾತಿ ಬೇರೆ. ಕುದಿಸಿದರೆ ಅದರ ಚೆಲುವೆಲ್ಲ ಹೋಗುತ್ತದೆ. ಆದರೆ ಮಲ್ಲಿಗೆಗೆ ಒಂದು ಒಳ್ಳೆಯ ಗುಣವಿದೆ, ಕಿತ್ತ ಮೇಲೂ ಗಂಟೆಗಟ್ಟಲೆ ಘಮ ಬಿಡುತ್ತಲೇ ಇರುತ್ತದೆ. ಸಂಜೆ ಮೊಗ್ಗು ತಂದು ಮುಡಿದರೆ ರಾತ್ರಿ ತಲೆಯಲ್ಲೇ ಅರಳುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಫ್ರಾನ್ಸಿನ ಗ್ರಾಸ್ ಪಟ್ಟಣದವರು ಈ ಗುಣವನ್ನೇ ಹಿಡಿದರು. ಗಾಜಿನ ಮೇಲೆ ಪ್ರಾಣಿಯ ಕೊಬ್ಬು ಸವರಿ, ಅದರ ಮೇಲೆ ಮಲ್ಲಿಗೆ ಹರಡಿ, ದಿನಾ ಹೂವು ಬದಲಿಸುತ್ತ ಕೊಬ್ಬಿಗೆ ವಾಸನೆ ಕುಡಿಸುತ್ತಿದ್ದರು. ಆಮೇಲೆ ಹೆಕ್ಸೇನ್‌ನಂಥ ದ್ರಾವಕಗಳಲ್ಲಿ ತೊಳೆದು ತೆಗೆಯುವ ವಿಧಾನ ಬಂತು. ಈಗ ಜಾಸ್ತಿ ನಡೆಯುವುದು ಅದೇ.

ಇನ್ನು ಕೆಲವು ಹೂವುಗಳಿವೆ. ಬೆಂಕಿ, ಕೊಬ್ಬು, ದ್ರಾವಕ, ಯಾವುದಕ್ಕೂ ಬಗ್ಗುವುದಿಲ್ಲ. ಗಿಡದಲ್ಲಿದ್ದಾಗ ಘಮಘಮ. ಕಿತ್ತು ಕಾರ್ಖಾನೆಗೆ ತಂದರೆ ಆ ಘಮಕ್ಕೆ ಹೋಲುವ ಎಣ್ಣೆ ಸಿಗುವುದಿಲ್ಲ. ಅಂಥದ್ದರಲ್ಲಿ ಒಂದು ಮ್ಯೂಗೆ. ಯುರೋಪಿನ ಕಾಡಿನ ನೆರಳಲ್ಲಿ ಬೆಳೆಯುವ, ಸಣ್ಣ ಗಂಟೆಗಳನ್ನು ಸಾಲಾಗಿ ಇಳಿಬಿಟ್ಟ ಹಾಗಿರುವ ಬಿಳಿ ಹೂವು. ನಮ್ಮ ಬಿಸಿಲಿಗೆ ಬದುಕುವಂಥದ್ದಲ್ಲ. ಫ್ರಾನ್ಸಿನಲ್ಲಿ ಮೇ 1ರಂದು ಒಬ್ಬರಿಗೊಬ್ಬರು ಇದರ ಗೊಂಚಲು ಕೊಡುತ್ತಾರೆ. ಅವರಿಗೆ ಅದು ಶುಭದ ಹೂವು. ಇದರ ಪರಿಮಳ ಬಾಟಲಿಯಲ್ಲಿ ಬೇಕು ಅಂದರೆ ದಾರಿ ಒಂದೇ. ಹೂವಿಲ್ಲದೆ ಹೂವನ್ನು ಕಟ್ಟಬೇಕು.

ಅದಕ್ಕೆ ಬೇಕಾದ ಸಾಮಾನು ಹತ್ತೊಂಬತ್ತನೇ ಶತಮಾನದಲ್ಲಿ ಪ್ರಯೋಗಾಲಯಗಳಿಂದ ಬರತೊಡಗಿತು. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೂಮರಿನ್ ತಯಾರಿಸಿದ. ಒಣ ಹುಲ್ಲಿನ ಬಣವೆಯ ಪಕ್ಕ ನಿಂತಾಗ ಬರುವ ಸಿಹಿ ವಾಸನೆ ಅದರದ್ದು. 1874ರಲ್ಲಿ ವೆನಿಲ್ಲಾ ವಾಸನೆಯ ವೆನಿಲಿನ್ ಬಂತು. 1893ರಲ್ಲಿ ವಯೊಲೆಟ್ ಹೂವಿನ ವಾಸನೆಯ ಅಯೊನೋನ್. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಹೈಡ್ರಾಕ್ಸಿಸಿಟ್ರೊನೆಲ್ಲಾಲ್ ಅನ್ನುವ ಉದ್ದ ಹೆಸರಿನದೊಂದು ಬಂತು. ಅದರ ವಾಸನೆ ಮ್ಯೂಗೆಗೆ ಹತ್ತಿರ. 1921ರಲ್ಲಿ ಅರ್ನೆಸ್ಟ್ ಬೋ ಎಂಬ ಸುಗಂಧಕಾರ ಪ್ರಯೋಗಾಲಯದ ಅಣುಗಳಾದ ಆಲ್ಡಿಹೈಡ್‌ಗಳನ್ನು ಧಾರಾಳವಾಗಿ ಬಳಸಿ ಶನೆಲ್ ನಂಬರ್ 5 ಕಟ್ಟಿದ ಮೇಲಂತೂ ಯಾರಿಗೂ ಅನುಮಾನ ಉಳಿಯಲಿಲ್ಲ. ಹೂವಿನ ಎಣ್ಣೆ ಮತ್ತು ಕಾರ್ಖಾನೆಯ ಅಣು ಎರಡೂ ಒಂದೇ ಬಾಟಲಿಯಲ್ಲಿ ಕೂತವು. ಇವತ್ತು ದುಬಾರಿ ಸೆಂಟುಗಳಲ್ಲೂ ಎರಡೂ ಇರುತ್ತವೆ.

ರುಡ್ನಿಟ್ಸ್ಕಾ ಈ ಕಸುಬಿಗೆ ಬಂದದ್ದು 1926ರ ಹೊತ್ತಿಗೆ, ಗ್ರಾಸ್‌ನಲ್ಲಿ. ಆಮೇಲೆ ಪ್ಯಾರಿಸ್‌ಗೆ ಹೋಗಿ, ಇಂಥ ಹೊಸ ಅಣುಗಳನ್ನು ತಯಾರಿಸುತ್ತಿದ್ದ ದ ಲೇರ್ ಕಂಪನಿಯಲ್ಲಿ ಕೆಲಸ ಮಾಡಿದ. ಕಚ್ಚಾ ಸಾಮಾನನ್ನು ಹತ್ತಿರದಿಂದ ಮೂಸಿ, ಒಂದೊಂದರ ಸ್ವಭಾವ ಅರಿಯಲು ಅದು ಒಳ್ಳೆಯ ಪಾಠಶಾಲೆ. ಸುಗಂಧಕಾರ ಆಗುವವನು ನೂರಾರು ವಾಸನೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಸುಮ್ನೆ ಗುರುತು ಹಿಡಿದರೆ ಸಾಲದು. ಇದರ ಪಕ್ಕ ಅದನ್ನು ಇಟ್ಟರೆ ಏನಾಗುತ್ತದೆ, ಒಂದು ಗಂಟೆಯ ನಂತರ ಯಾವುದು ಹೋಗಿ ಯಾವುದು ಉಳಿಯುತ್ತದೆ ಅನ್ನುವುದು ಮೂಸುವ ಮೊದಲೇ ತಲೆಯಲ್ಲಿ ಮೂಡಬೇಕು. ಅನುಭವಿ ಸುಗಂಧಕಾರ ಮೊದಲು ಕಾಗದದ ಮೇಲೆ ಸಾಮಾನಿನ ಹೆಸರು, ಪ್ರಮಾಣ ಬರೆಯುತ್ತಾನೆ. ತೂಗಿ ಕಲಸುವುದು ಆಮೇಲಿನ ಕೆಲಸ.

ಅವನಿಗೆ ಹೆಸರು ತಂದ ಮೊದಲ ಸುಗಂಧ ಫಾಮ್. ಮಾರ್ಸೆಲ್ ರೋಶಾ ಎಂಬ ವಸ್ತ್ರ ವಿನ್ಯಾಸಕನಿಗಾಗಿ ಮಾಡಿದ್ದು. ಕಟ್ಟಿದ ವರ್ಷ 1943. ಪ್ಯಾರಿಸ್ ಆಗ ಜರ್ಮನ್ನರ ಕೈಯಲ್ಲಿತ್ತು. ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಒಂದು ಬದಿಗೆ ಕಸದ ರಾಶಿ, ಇನ್ನೊಂದು ಬದಿಗೆ ಬಣ್ಣದ ಕಾರ್ಖಾನೆ. ಆ ನಾತದ ನಡುವೆ ಕೂತು, ಹಣ್ಣಾದ ಪ್ಲಮ್ ಮತ್ತು ಪೀಚ್‌ನ ನೆನಪು ತರುವ, ಮೆತ್ತಗೆ ಬೆಚ್ಚಗೆ ಇರುವ ಸುಗಂಧ ಕಟ್ಟಿದ. ಅದರ ತಳದಲ್ಲಿರುವುದು ಓಕ್‌ಮಾಸ್, ಅಂದರೆ ಓಕ್ ಮರದ ತೊಗಟೆ ಮೇಲೆ ಬೆಳೆಯುವ ಶಿಲಾವಲ್ಕ. ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವು, ಮಾರ್ಕೆಟ್‌ನಲ್ಲಿ ದಗಡಫೂಲ್ ಅಂತ ಕೇಳಿ ತರುವುದು, ಅದೂ ಶಿಲಾವಲ್ಕವೇ. ಕಲ್ಲುಹೂವನ್ನು ಕೈಯಲ್ಲಿ ತಿಕ್ಕಿ ಮೂಸಿದರೆ ಆ ಒಣ ಮರದ, ಮಣ್ಣಿನ ವಾಸನೆಯ ಕುಲ ಗೊತ್ತಾಗುತ್ತದೆ.

1946ರಲ್ಲಿ ಹೆಂಡತಿ ತೆರೇಸ್ ಜೊತೆ ಸೇರಿ ತನ್ನದೇ ಪ್ರಯೋಗಾಲಯ ಶುರು ಮಾಡಿದ. ‘ಆರ್ ಎ ಪರ್ಫಾಂ’ ಅಂತ ಹೆಸರಿಟ್ಟ. ಕಲೆ ಮತ್ತು ಸುಗಂಧ ಎರಡನ್ನೂ ಹೆಸರಿನಲ್ಲೇ ಜೋಡಿಸಿದ. ಆಮೇಲೆ ಗ್ರಾಸ್‌ನ ಮೇಲಿನ ಗುಡ್ಡದಲ್ಲಿರುವ ಕಾಬ್ರಿ ಹಳ್ಳಿಗೆ ಬಂದು ನೆಲೆಸಿದ. ದೊಡ್ಡ ಕಂಪನಿಯ ನೌಕರಿಯಲ್ಲಿದ್ದರೆ ವರ್ಷಕ್ಕೆ ಹತ್ತಾರು ಸುಗಂಧ ಕಟ್ಟಬೇಕಾಗುತ್ತಿತ್ತು. ಅವನು ಸ್ವತಂತ್ರನಾಗಿ ಉಳಿದ. ಜೀವಮಾನದಲ್ಲಿ ಹೊರಬಂದ ಅವನ ಸುಗಂಧಗಳು ಕಡಿಮೆ. ಒಂದೊಂದಕ್ಕೆ ವರ್ಷಗಳೇ ಹಿಡಿದವು. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟುವುದು ಇಲ್ಲೇ. ಅವಸರದ ವ್ಯಾಪಾರದ ನಡುವೆ ಅವನು ನಿಧಾನವನ್ನು ಆರಿಸಿಕೊಂಡ.

ವಸ್ತ್ರ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್‌ಗೆ ಮ್ಯೂಗೆ ಹೂವೆಂದರೆ ಪ್ರಾಣ. ಅವನ ಅದೃಷ್ಟದ ಹೂವು ಅದು. 1954ರ ವಸಂತದ ಉಡುಪುಗಳ ಸಾಲಿಗೇ ಮ್ಯೂಗೆ ಅಂತ ಹೆಸರಿಟ್ಟಿದ್ದ. ಅವನಿಗಾಗಿ ರುಡ್ನಿಟ್ಸ್ಕಾ ಆ ಹೂವಿನ ಸುಗಂಧ ಕಟ್ಟಲು ಹೊರಟ. ಆಗ ಹೂವಿನ ಸುತ್ತಲಿನ ಗಾಳಿಯನ್ನು ಹಿಡಿದು ಯಂತ್ರದಲ್ಲಿ ವಿಶ್ಲೇಷಿಸುವ ಇವತ್ತಿನ ತಂತ್ರ ಇರಲಿಲ್ಲ. ಇದ್ದದ್ದು ಮೂಗೊಂದೇ. ಕಾಬ್ರಿಯ ತನ್ನ ತೋಟದಲ್ಲಿ ಮ್ಯೂಗೆ ಗಿಡ ನೆಟ್ಟ. ಹೂವು ಬಿಟ್ಟಾಗ ನೆಲದ ಮಟ್ಟಕ್ಕೆ ಬಾಗಿ ಮೂಸಿ ನೋಡಿದ. ಹೂವು ಇರುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ತಿಂಗಳುಗಳಲ್ಲಿ ನೆನಪಿನ ಮೇಲೆ ಕೆಲಸ.

ಹೈಡ್ರಾಕ್ಸಿಸಿಟ್ರೊನೆಲ್ಲಾಲ್ ಒಂದನ್ನೇ ಹಾಕಿದರೆ ಸಾಬೂನಿನ ಹಾಗೆ ಚಪ್ಪಟೆಯಾದ ಹೂವು ಬರುತ್ತದೆ. ಅದಕ್ಕೆ ಜೀವ ತುಂಬಬೇಕು. ಮಲ್ಲಿಗೆ ಸೇರಿಸಿದ, ಯಲಾಂಗ್ ಎಂಬ ಹೂವಿನ ವಾಸನೆ ಸೇರಿಸಿದ. ಹಸಿರೆಲೆಯ, ಒದ್ದೆ ನೆಲದ ಭಾವ ತಂದ. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಅಣು ಇದೆ. ಅದು ಮಲದಲ್ಲೂ ಇರುತ್ತದೆ. ಕೇಳಿದರೆ ಅಸಹ್ಯ ಅನಿಸಬಹುದು. ಆದರೆ ತಡರಾತ್ರಿ ಮುಡಿಯಲ್ಲಿ ಬಾಡತೊಡಗಿದ ಮಲ್ಲಿಗೆಯ ಆ ಭಾರವಾದ, ತಲೆ ಸುತ್ತಿಸುವ ವಾಸನೆಯಲ್ಲಿ ಅದರ ಪಾತ್ರ ದೊಡ್ಡದು. ಅದನ್ನು ತೆಗೆದುಹಾಕಿದರೆ ಮಲ್ಲಿಗೆ ಪ್ಲಾಸ್ಟಿಕ್ ಹೂವಾಗುತ್ತದೆ. ಕೆಟ್ಟದ್ದು ಅನಿಸುವ ವಾಸನೆಯನ್ನು ಎಷ್ಟು ಹನಿ ಇಡಬೇಕು ಅನ್ನುವ ತೀರ್ಮಾನ ಯಾವ ಯಂತ್ರವೂ ಹೇಳಿಕೊಡುವುದಲ್ಲ. 1956ರಲ್ಲಿ ಈ ಸುಗಂಧ ಡಿಯೋರಿಸ್ಸಿಮೊ ಎಂಬ ಹೆಸರಿನಲ್ಲಿ ಹೊರಬಂತು. ಮರುವರ್ಷವೇ ಡಿಯೋರ್ ತೀರಿಕೊಂಡ.

ಮ್ಯೂಗೆಯ ಒಂದು ಹನಿ ಎಣ್ಣೆಯೂ ಇಲ್ಲದೆ ಮ್ಯೂಗೆ ಬಂತು ಅಂದರೆ ಹೇಗೆ? ಇದಕ್ಕೆ ಉತ್ತರ ನಮ್ಮ ಮೂಗಿನಲ್ಲೇ ಇದೆ. ವಿಜ್ಞಾನಿಗಳಾದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಮೂಗಿನಲ್ಲಿ ವಾಸನೆಯ ಅಣುಗಳನ್ನು ಗುರುತಿಸುವ ಗ್ರಾಹಕಗಳ ವಂಶವಾಹಿಗಳನ್ನು ಕಂಡುಹಿಡಿದರು. 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಮನುಷ್ಯನ ಮೂಗಿನಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆ. ಒಂದು ಅಣು ಒಂದಕ್ಕಿಂತ ಹೆಚ್ಚು ಗ್ರಾಹಕಗಳನ್ನು ಮುಟ್ಟುತ್ತದೆ, ಒಂದು ಗ್ರಾಹಕ ಹಲವು ಅಣುಗಳಿಗೆ ಸ್ಪಂದಿಸುತ್ತದೆ. ಮಿದುಳು ಓದುವುದು ಯಾವುದೆಲ್ಲ ಒಟ್ಟಿಗೆ ಎಚ್ಚರಗೊಂಡಿದೆ ಅನ್ನುವ ಒಟ್ಟು ವಿನ್ಯಾಸವನ್ನು. ಬೇರೆ ಅಣುಗಳಿಂದ ಅಂಥದ್ದೇ ವಿನ್ಯಾಸ ಮೂಡಿಸಿದರೆ ಮಿದುಳಿಗೆ ಅದು ಮ್ಯೂಗೆಯೇ. ರುಡ್ನಿಟ್ಸ್ಕಾಗೆ 1956ರಲ್ಲಿ ಈ ವಿಜ್ಞಾನ ಗೊತ್ತಿರಲು ಸಾಧ್ಯವಿರಲಿಲ್ಲ. ಮೂಗಿನ ಅನುಭವದಿಂದಲೇ ಅವನು ಅಲ್ಲಿಗೆ ತಲುಪಿದ್ದ.

ಡಿಯೋರಿಸ್ಸಿಮೊದಲ್ಲಿ ಇನ್ನೊಂದು ಬದಲಾವಣೆಯೂ ಇತ್ತು. ಆ ಕಾಲದ ಸುಗಂಧಗಳು ಸಿಹಿ, ಭಾರ, ಒಂದರ ಮೇಲೊಂದು ಪೇರಿಸಿದ ಸಾಮಾನು. ಫಾಮ್ ಕೂಡ ಆ ಜಾತಿಯದೇ. ಅವನು ತನ್ನ ದಾರಿಯನ್ನೇ ಬದಲಿಸಿದ. ತಿನಿಸಿನ ನೆನಪು ತರುವ ಸಿಹಿಯನ್ನು ಬಿಟ್ಟ. ಸೂತ್ರವನ್ನು ಚಿಕ್ಕದು ಮಾಡಿದ. ಒಂದು ಸಾಮಾನು ಇರಲೇಬೇಕಾದ ಕಾರಣ ಇಲ್ಲದಿದ್ದರೆ ಅದು ಅಲ್ಲಿ ಇರಬಾರದು ಅನ್ನುವ ಶಿಸ್ತು. ಅವನ ಮುಂದಿನ ಕೆಲಸವೆಲ್ಲ ಇದೇ ನಂಬಿಕೆಯ ಮೇಲೆ ನಿಂತಿದೆ.

ಈ ಶಿಸ್ತು ಎದ್ದು ಕಾಣುವುದು 1966ರ ಓ ಸೊವಾಜ್‌ನಲ್ಲಿ. ಗಂಡಸರಿಗಾಗಿ ಡಿಯೋರ್ ಕಂಪನಿ ತಂದ ಸುಗಂಧ. ಹೆಂಗಸರೂ ಅದನ್ನು ಇಷ್ಟಪಟ್ಟು ಹಚ್ಚಿಕೊಂಡರು. ಇದನ್ನು ತಿಳಿಯಲು ಸುಗಂಧ ಹೊತ್ತು ಹೋದಂತೆ ಹೇಗೆ ಬದಲಾಗುತ್ತದೆ ಅನ್ನುವುದು ಗೊತ್ತಿರಬೇಕು. ಸೆಂಟು ಅಂದರೆ ಮದ್ಯಸಾರದಲ್ಲಿ ಕರಗಿಸಿದ ವಾಸನೆಯ ಅಣುಗಳು. ಹಗುರ ಅಣುಗಳು ಬೇಗ ಹಾರುತ್ತವೆ. ನಿಂಬೆ, ಬರ್ಗಮಾಟ್ ಕಿತ್ತಳೆಯ ವಾಸನೆ ಹತ್ತು ಹದಿನೈದು ನಿಮಿಷದಲ್ಲಿ ಮಾಯ. ಹೂವುಗಳದ್ದು ಕೆಲವು ತಾಸು. ಲಾವಂಚ, ಶ್ರೀಗಂಧ, ಕಸ್ತೂರಿಯಂಥ ಭಾರದ ಅಣುಗಳು ಮರುದಿನವೂ ಅಂಗಿಯಲ್ಲಿ ಇರುತ್ತವೆ. ಅತ್ತರ್‌ನಲ್ಲಿ ಮದ್ಯಸಾರ ಇಲ್ಲ, ಎಣ್ಣೆ ಇದೆ. ಅದಕ್ಕೇ ಅದು ಎದ್ದು ಹಾರದೆ ಮೈಗೆ ಅಂಟಿಕೊಂಡು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಅತ್ತರ್ ಅದ್ದಿದ ಹತ್ತಿಯನ್ನು ಕಿವಿಯ ಸಂದಿಯಲ್ಲಿ ಇಟ್ಟುಕೊಂಡ ಅಜ್ಜಂದಿರಿಗೆ ಸಂಜೆಯವರೆಗೂ ಅದು ಸಾಕಾಗುತ್ತಿತ್ತು.

ನಿಂಬೆಯ ಸುಗಂಧಗಳ ಕಷ್ಟ ಇದೇ. ತಾಜಾತನ ಬರುತ್ತದೆ, ನಿಲ್ಲುವುದಿಲ್ಲ. ಓ ಸೊವಾಜ್‌ನಲ್ಲಿ ರುಡ್ನಿಟ್ಸ್ಕಾ ಅದಕ್ಕೆ ಪರಿಹಾರವಾಗಿ ಬಳಸಿದ ಸಾಮಾನು ಹೆಡಿಯೋನ್. ಸ್ವಿಟ್ಜರ್ಲೆಂಡಿನ ಫರ್ಮೆನಿಕ್ ಕಂಪನಿಯ ವಿಜ್ಞಾನಿಗಳು ಮಲ್ಲಿಗೆಯ ಪರಿಮಳದಲ್ಲಿ ಏನೇನಿದೆ ಅಂತ ಹುಡುಕುವಾಗ ಹುಟ್ಟಿದ ಅಣು. ಅದೊಂದನ್ನೇ ಮೂಸಿದರೆ ಅಷ್ಟೇನೂ ಬಲವಿಲ್ಲ. ತೆಳ್ಳಗೆ, ಮಲ್ಲಿಗೆಯ ನೆರಳಿನಂತೆ, ಸ್ವಲ್ಪ ನಿಂಬೆಯ ಕಡೆ ವಾಲಿದಂತೆ. ಇಂಥ ಮಂಕು ಅಣುವಿನಿಂದ ಏನು ಉಪಯೋಗ ಅಂತ ಬಹಳ ಜನ ಕೇಳಬಹುದಾಗಿತ್ತು. ರುಡ್ನಿಟ್ಸ್ಕಾ ಕಂಡದ್ದು ಬೇರೆ. ಬೇರೆ ವಾಸನೆಗಳ ನಡುವೆ ಇಟ್ಟರೆ ಅದು ಅವುಗಳಿಗೆ ಗಾಳಿ ಕೊಡುತ್ತದೆ. ನಿಂಬೆ ಇನ್ನಷ್ಟು ಹೊತ್ತು ಹೊಳೆಯುತ್ತದೆ. ರೋಸ್‌ಮೆರಿ, ತುಳಸಿಯ ಬಂಧುವಾದ ಬೇಸಿಲ್, ಲಾವಂಚ, ಓಕ್‌ಮಾಸ್ ಎಲ್ಲವೂ ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಉಸಿರಾಡುತ್ತವೆ. ಅಲ್ಲಿ ಬಳಸಿದ ಹೆಡಿಯೋನ್ ಸ್ವಲ್ಪವೇ. ಆಮೇಲೆ ಜಗತ್ತಿನ ಸುಗಂಧಕಾರರೆಲ್ಲ ಅದರ ಹಿಂದೆ ಬಿದ್ದರು. ಇವತ್ತು ನೀವು ಹಚ್ಚುವ ಯಾವ ಸ್ಪ್ರೇ ತೆಗೆದುಕೊಂಡರೂ ಅದರಲ್ಲಿ ಹೆಡಿಯೋನ್ ಇರುವ ಸಾಧ್ಯತೆ ಜಾಸ್ತಿ.

ಅಣು ಕಂಡುಹಿಡಿದವರು ಬೇರೆ, ಅದರಿಂದ ಏನು ಹೇಳಬಹುದು ಅಂತ ಕಂಡವನು ಬೇರೆ. ಕರ್ತೃ ಅಂದರೆ ಈ ಎರಡನೆಯವನು. ‘ಕೆಮಿಕಲ್ಲಾ’ ಅಂತ ಕೇಳುವಾಗ ನಮ್ಮ ಕಣ್ಣಿಗೆ ಬೀಳದೇ ಹೋಗುವವನೂ ಇವನೇ.

ಜೀರಿಗೆಯ ವಿಷಯ ಹೇಳದೆ ಮುಂದೆ ಹೋಗಲಾರೆ. 1951ರಲ್ಲಿ ಅವನು ಎರ್ಮೆಸ್ ಕಂಪನಿಗೆ ಕಟ್ಟಿದ ‘ಓ ದೆರ್ಮೆಸ್’ನಲ್ಲಿ ಚರ್ಮದ ವಾಸನೆಯ ಜೊತೆಗೆ ಜೀರಿಗೆ ಇದೆ. ಯುರೋಪಿನ ಮೂಗಿಗೆ ಜೀರಿಗೆ ಅಂದರೆ ಬೆವರಿನ, ಮೈಯ ವಾಸನೆ. ಒಂಥರಾ ಧೈರ್ಯದ ವಾಸನೆ. 1989ರಲ್ಲಿ ಫಾಮ್ ಸುಗಂಧವನ್ನು ಒಲಿವಿಯೆ ಕ್ರೆಸ್ಪ್ ಹೊಸದಾಗಿ ಕಟ್ಟಿದಾಗ ಅದರಲ್ಲೂ ಜೀರಿಗೆ ಎದ್ದು ನಿಂತಿತು. ಅದೇ ಬಾಟಲಿ ವಿಜಯಪುರದ ಮನೆಯಲ್ಲಿ ತೆರೆದರೆ ಒಗ್ಗರಣೆಯ ಕಡೆಗೆ, ಅಡುಗೆ ಮನೆಯ ಕಡೆಗೆ ಮನಸ್ಸು ಓಡುತ್ತದೆ. ಸುಗಂಧಕಾರ ಅಣುಗಳನ್ನು ಕೂಡಿಸಬಲ್ಲ. ಮೂಸುವವನ ನೆನಪನ್ನು ಅವನು ಕಟ್ಟಲಾರ. ದವನದ ವಿಷಯದಲ್ಲೂ ಹೀಗೇ. ಕರ್ನಾಟಕದಲ್ಲಿ ಬೆಳೆದ ದವನದ ಎಣ್ಣೆ ವಿದೇಶದ ಸೆಂಟುಗಳಿಗೆ ಹೋಗುತ್ತದೆ. ಅಲ್ಲಿನವರಿಗೆ ಅದು ಒಣ ಹಣ್ಣು, ಮದ್ಯದ ನೆನಪು ತರುವ ಸಾಮಾನು. ನಮಗೆ ದವನದ ಹುಣ್ಣಿಮೆ, ದೇವರ ಹಾರ.

ಇನ್ನು ಅವನ ದೊಡ್ಡ ವಾದಕ್ಕೆ ಬರೋಣ. ಸುಗಂಧ ಕಲೆಯೇ? ರುಡ್ನಿಟ್ಸ್ಕಾ ಇದರ ಬಗ್ಗೆ ಪುಸ್ತಕಗಳನ್ನೇ ಬರೆದ. ಅವನು ತನ್ನನ್ನು ಸಂಗೀತ ರಚನಕಾರರ ಸಾಲಿನಲ್ಲಿ ನಿಲ್ಲಿಸಿಕೊಂಡ. ರಾಗ ಕಟ್ಟುವವನು ಸ್ವರವನ್ನು ಹುಟ್ಟಿಸುವುದಿಲ್ಲ, ಸ್ವರ ಎಲ್ಲರದ್ದು. ಯಾವುದರ ಪಕ್ಕ ಯಾವುದು, ಎಷ್ಟು ಹೊತ್ತು, ಎಲ್ಲಿ ಮೌನ ಅನ್ನುವ ಆಯ್ಕೆ ಅವನದ್ದು. ಹಾಗೆಯೇ ವಾಸನೆಯ ರೂಪ ಮೊದಲು ಮನಸ್ಸಿನಲ್ಲಿ ಮೂಡುತ್ತದೆ, ಬಾಟಲಿ ಆಮೇಲೆ. ಇದು ಕಲೆಯಾದರೆ ಕಾನೂನು ಇದನ್ನು ಕಾಪಾಡಬೇಕು ಅನ್ನುವುದು ಅವನ ಪಟ್ಟು.

ಕಾನೂನು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. 2006ರ ಜೂನ್ 13ರಂದು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಸುಗಂಧಕ್ಕೆ ಕೃತಿಸ್ವಾಮ್ಯ ಇಲ್ಲ ಅಂತ ಹೇಳಿತು. ಅದು ಕಸುಬಿನ ತಿಳಿವಳಿಕೆಯನ್ನು ಬಳಸಿದ್ದಷ್ಟೇ, ಸಾಹಿತ್ಯ ಸಂಗೀತದಂಥ ಅಭಿವ್ಯಕ್ತಿ ಅಲ್ಲ ಅನ್ನುವುದು ಅದರ ನಿಲುವು. ಅದೇ ವಾರ, ಜೂನ್ 16ರಂದು, ನೆದರ್ಲೆಂಡ್ಸಿನ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಉಲ್ಟಾ ತೀರ್ಪು ಕೊಟ್ಟಿತು. ಲಾಂಕೋಮ್ ಕಂಪನಿಯ ಸುಗಂಧವೊಂದರ ನಕಲಿನ ಪ್ರಕರಣದಲ್ಲಿ, ಸುಗಂಧಕ್ಕೂ ಕೃತಿಸ್ವಾಮ್ಯ ಸಿಗಬಹುದು ಅಂತ ಅದು ಒಪ್ಪಿತು. 2018ರಲ್ಲಿ ಯುರೋಪಿನ ನ್ಯಾಯಾಲಯವೊಂದು ಚೀಸಿನ ರುಚಿಗೆ ಕೃತಿಸ್ವಾಮ್ಯ ಕೊಡಲು ಆಗದು ಅಂದಿತು, ರುಚಿಯನ್ನು ಎಲ್ಲರೂ ಒಂದೇ ರೀತಿ ಗುರುತಿಸುವಂತೆ ನಿಖರವಾಗಿ ಹೇಳಲಾಗದು ಅನ್ನುವ ಕಾರಣಕ್ಕೆ. ರುಚಿಗೆ ಹೇಳಿದ ಮಾತು ವಾಸನೆಗೂ ತಗಲುತ್ತದೆ.

ಇದರ ಪರಿಣಾಮ ನಮ್ಮ ಬಜಾರದಲ್ಲೇ ಕಾಣುತ್ತದೆ. ಯಾವುದೇ ಸೆಂಟನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಹಾಕಿದರೆ ಅದರೊಳಗಿನ ಅಣುಗಳ ಪಟ್ಟಿ ಬಹುಪಾಲು ಸಿಗುತ್ತದೆ. ಹಾಗೆ ತಯಾರಾದ ‘ಆ ಬ್ರ್ಯಾಂಡಿನ ಟೈಪ್’ ಅತ್ತರ್ ಚಿಕ್ಕ ಶೀಶೆಯಲ್ಲಿ ಎಲ್ಲ ಕಡೆ ಸಿಗುತ್ತದೆ. ಕೊಳ್ಳುವ ಹುಡುಗರನ್ನು ನಾನು ಬೈಯಲಾರೆ. ಹತ್ತು ಸಾವಿರದ ಬಾಟಲಿ ಕೊಳ್ಳಲಾಗದವರಿಗೂ ಚಂದದ ವಾಸನೆಯ ಆಸೆ ಇರಬಾರದೇ? ಆದರೆ ಆ ವಿನ್ಯಾಸವನ್ನು ವರ್ಷಗಟ್ಟಲೆ ಯೋಚಿಸಿ ಕಟ್ಟಿದ ಒಬ್ಬ ಮನುಷ್ಯ ಇದ್ದಾನೆ ಅನ್ನುವುದು ಗೊತ್ತಿರುವುದು ಒಳ್ಳೆಯದು.

ಇವತ್ತು ಅಂಗಡಿಯಲ್ಲಿ ಡಿಯೋರಿಸ್ಸಿಮೊ ಕೊಂಡರೆ 1956ರದ್ದೇ ಸಿಗುತ್ತದೆಯೇ? ಇಲ್ಲ. ಕೆಲವು ಸಾಮಾನು ಚರ್ಮಕ್ಕೆ ಅಲರ್ಜಿ ತರುತ್ತವೆ ಅಂತ ಗೊತ್ತಾದಂತೆ ಅವುಗಳ ಪ್ರಮಾಣಕ್ಕೆ ಮಿತಿ ಬಂತು. ಹೈಡ್ರಾಕ್ಸಿಸಿಟ್ರೊನೆಲ್ಲಾಲ್‌ಗೆ ಮಿತಿ ಇದೆ. ಓಕ್‌ಮಾಸ್‌ನಲ್ಲಿರುವ ಅಟ್ರನಾಲ್ ಅನ್ನುವ ಅಂಶವನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ಮ್ಯೂಗೆ ವಾಸನೆಗೆ ಆಮೇಲೆ ಬಂದ ಲಿರಾಲ್ 2021ರಲ್ಲಿ, ಲಿಲಿಯಾಲ್ 2022ರಲ್ಲಿ ಅಲ್ಲಿನ ಮಾರುಕಟ್ಟೆಯಿಂದ ಹೋದವು. ಜನರ ಆರೋಗ್ಯದ ಪ್ರಶ್ನೆ ಇದು, ನಿಯಮ ಬೇಕೇ ಬೇಕು. ಅದರ ಜೊತೆಗೇ ಹಳೆಯ ಕೃತಿಗಳು ಕೈತಪ್ಪಿ ಹೋಗುತ್ತಿರುವುದೂ ನಿಜ. ಅವನ್ನು ಉಳಿಸಲೆಂದೇ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ 1990ರಲ್ಲಿ ಒಸ್ಮೊಥೆಕ್ ಎಂಬ ಸುಗಂಧ ಭಂಡಾರ ಶುರುವಾಯಿತು. ಅಲ್ಲಿ ಹಳೆಯ ಸೂತ್ರಗಳ ಪ್ರಕಾರ ಮತ್ತೆ ತಯಾರಿಸಿದ ಸುಗಂಧಗಳನ್ನು ತಂಪಾದ ಕತ್ತಲೆ ಕೋಣೆಯಲ್ಲಿ ಕಾಪಾಡುತ್ತಾರೆ, ಬಂದವರಿಗೆ ಕಾಗದದ ಪಟ್ಟಿಯಲ್ಲಿ ಅದ್ದಿ ಮೂಸಲು ಕೊಡುತ್ತಾರೆ. ಆದಿಲ್ ಶಾಹಿ ಸುಗಂಧ ಗ್ರಂಥದ ಪಾಕಗಳನ್ನು ತಿಳಿದವರು ಮತ್ತೆ ಕಟ್ಟಿ, ಇಂಥದ್ದೊಂದು ಕೋಣೆಯನ್ನು ನಮ್ಮ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಇಟ್ಟರೆ ಎಷ್ಟು ಚೆನ್ನ, ಅಲ್ವಾ?

ರುಡ್ನಿಟ್ಸ್ಕಾನ ಪರಂಪರೆ ಮುಂದುವರಿದದ್ದು ಶಿಷ್ಯರಿಗಿಂತ ಜಾಸ್ತಿ ಓದುಗರ ಮೂಲಕ. ಗ್ರಾಸ್‌ನಲ್ಲೇ 1947ರಲ್ಲಿ ಹುಟ್ಟಿದ ಜಾನ್ ಕ್ಲೋಡ್ ಎಲೆನಾ ಹರೆಯದಲ್ಲಿ ರುಡ್ನಿಟ್ಸ್ಕಾ ಬರೆದ ಲೇಖನವೊಂದನ್ನು ಓದಿ ಪ್ರಭಾವಿತನಾದ. 2004ರಲ್ಲಿ ಎರ್ಮೆಸ್ ಕಂಪನಿಯ ಸುಗಂಧಕಾರನಾದ ಮೇಲೆ ಆ ಸರಳತೆಯನ್ನು ಇನ್ನೂ ಮುಂದಕ್ಕೆ ಒಯ್ದ. ನೀರು ಬಣ್ಣದ ಚಿತ್ರದಷ್ಟು ತೆಳುವಾದ ಅವನ ಸುಗಂಧಗಳ ಬೇರು ಡಿಯೋರಿಸ್ಸಿಮೊದಲ್ಲಿದೆ. ರುಡ್ನಿಟ್ಸ್ಕಾನ ಮಗ ಮಿಶೆಲ್ ಕೂಡ ಸುಗಂಧಕಾರನೇ.

ಮಾರಾಟಕ್ಕೆ ಅಂತ ಬಿಡದ ಒಂದು ಸುಗಂಧವೂ ರುಡ್ನಿಟ್ಸ್ಕಾನ ಬಳಿ ಇತ್ತು. ಐವತ್ತರ ದಶಕದಲ್ಲಿ ಹೆಂಡತಿಗಾಗಿ ಕಟ್ಟಿದ್ದು. ಮಲ್ಲಿಗೆ, ಕಿತ್ತಳೆ, ಪ್ಲಮ್, ಜೊತೆಗೆ ಕರಬೂಜ ಹಣ್ಣಿನ ತಂಪು. ಹಣ್ಣಿನ ಆ ನೀರುನೀರಾದ ವಾಸನೆ ಸುಗಂಧಗಳಲ್ಲಿ ಸಾಮಾನ್ಯವಾಗಲು ಇನ್ನೂ ದಶಕಗಳು ಬೇಕಿದ್ದವು. ಅಷ್ಟೂ ವರ್ಷ ಅದನ್ನು ತೆರೇಸ್ ಒಬ್ಬರೇ ಹಚ್ಚಿಕೊಂಡರು. ಗಂಡ ತೀರಿಕೊಂಡ ಮೇಲೆ ಅವರು ಒಪ್ಪಿಗೆ ಕೊಟ್ಟರು. 2000ದಲ್ಲಿ ಫ್ರೆಡೆರಿಕ್ ಮಾಲ್ ಎಂಬ ಪ್ರಕಾಶಕ ಅದನ್ನು ‘ಲ ಪರ್ಫಾಂ ದ ತೆರೇಸ್’ ಹೆಸರಿನಲ್ಲಿ ಹೊರತಂದ. ಪ್ರಕಾಶಕ ಅಂತಲೇ ಅವನು ತನ್ನನ್ನು ಕರೆದುಕೊಂಡ, ಪುಸ್ತಕ ಪ್ರಕಟಿಸುವವರ ಹಾಗೆ. ಬಾಟಲಿಯ ಮೇಲೆ ಸುಗಂಧದ ಹೆಸರಿನ ಜೊತೆಗೆ ಅದನ್ನು ಕಟ್ಟಿದವನ ಹೆಸರನ್ನೂ ಅಚ್ಚು ಹಾಕಿಸಿದ: ಎಡ್ಮಂಡ್ ರುಡ್ನಿಟ್ಸ್ಕಾ.